ಸೋತವರು ಕಾಫಿ ಕೆದಕಬೇಕು

ಹಳೆಯ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇದೆ, ನಿಮಗೂ ಗೊತ್ತಿರಬಹುದು. ಬಿಸಿಲಿಗೆ ಬಿಟ್ಟ ಬಕೆಟ್ಟಿನದಲ್ಲ, ಹೊಸ ಚಪ್ಪಲಿಯದೂ ಅಲ್ಲ. ಒಂದು ಕಾಲದಲ್ಲಿ ಬಿಸಿಯಾಗಿ ಕೆಲಸ ಮಾಡಿ, ಆಮೇಲೆ ವರ್ಷಗಟ್ಟಲೆ ಕತ್ತಲಲ್ಲಿ ಸುಮ್ಮನೆ ಕೂತ ಪ್ಲಾಸ್ಟಿಕ್ಕಿನದು. ಈ ಸಲ ಕಾಫಿ ಕೊಯ್ಲಿಗೆ ಮುಂಚೆ ಟಾರ್ಪಾಲು ಹುಡುಕುತ್ತ ಅಟ್ಟದ ಟ್ರಂಕು ತೆಗೆದಾಗ, ಮಡಿಕೆಯೊಳಗಿಂದ ಬೂದು ಬಣ್ಣದ ಕ್ಯಾಸೆಟ್ಟೊಂದು ಜಾರಿ ಕಾಲ ಮೇಲೆ ಬಿತ್ತು. ಹಾಡಿನ ಕ್ಯಾಸೆಟ್ಟಲ್ಲ, ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮಿನದು. ಮೇಲಿನ ಚಿತ್ರ ಹರಿದು ಹೆಲ್ಮೆಟ್ಟಿನವನೊಬ್ಬನ ಅರ್ಧ ಮುಖ, ಒಂದು ಕೋಲು ಮಾತ್ರ ಉಳಿದಿತ್ತು. ನಲವತ್ತು ದಾಟಿದ ಹೆಂಗಸು ಅಟ್ಟದಲ್ಲಿ ಕೂತು ಅದನ್ನು ಮೂಸುತ್ತಿರುವುದನ್ನು ಯಾರೂ ನೋಡಲಿಲ್ಲ, ಪುಣ್ಯ.

ಮೂಸುತ್ತಿದ್ದಂತೆ ನೆನಪಾದದ್ದು ಅತ್ತೆಯ ಹೆಬ್ಬೆರಳು.

ಅತ್ತೆ ಎಂದರೆ ನನ್ನಪ್ಪನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಾಳೆ. ಚಿಕ್ಕವಳಿದ್ದಾಗ ಗುಂಡ್ಲುಪೇಟೆ ಕಡೆಯ ಅಜ್ಜಿಮನೆಯಲ್ಲಿದ್ದು ಏಳನೆಯ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಗಡಿಯೂರು ಬಾವಲಿಯ ಈ ಕಡೆ, ಕೇರಳದಲ್ಲಿ ಹುಟ್ಟಿದ ನಮಗೆ ಶಾಲೆಯಲ್ಲಿ ಮಲಯಾಳ, ಆಫೀಸಿನಲ್ಲಿ ಮಲಯಾಳ. ನನಗೆ ಕನ್ನಡದ ಅಕ್ಷರ ಬಂದದ್ದು ಅತ್ತೆಯಿಂದ, ಅದೂ ಅಂಗಳದ ದೂಳಿನಲ್ಲಿ, ಕಾಫಿ ಕೆದಕುವ ಹಲಗೆಯ ಮೂಲೆಯಿಂದ ಅವಳು ಗೀಚಿದ್ದನ್ನು ನೋಡಿ. ಹಾಗಾಗಿ ಇಂದಿಗೂ ನನ್ನ ಅಕ್ಷರ ಒಂದೊಂದೂ ಒಂದು ಅಡಿ ಅಗಲ.

ಹೋದ ಮಳೆಗಾಲದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಕಾಲು ಬೇಗ ಸರಿಯಾಯಿತು, ಮಾತು ಒಂದು ದಿನವೂ ನಿಲ್ಲಲಿಲ್ಲ. ಬಲಗೈ ಮಾತ್ರ ಹಿಂದೆ ಉಳಿಯಿತು. ಬೆರಳನ್ನು ದಿನಾ ಆಡಿಸಬೇಕು, ಈಗ ಬಿಟ್ಟರೆ ಮತ್ತೆ ಬರುವುದು ಕಷ್ಟ ಎಂದು ವ್ಯಾಯಾಮ ಹೇಳಿಕೊಡುವ ಹುಡುಗಿ ಹಿಂಡಲು ಒಂದು ಮೆತ್ತನೆಯ ಚೆಂಡು ಕೊಟ್ಟಳು. ಅತ್ತೆ ಅದನ್ನು ಎರಡು ದಿನ ಹಿಂಡಿ, ಮೂರನೆಯ ದಿನ ನಾಯಿಗೆ ಎಸೆದಳು.

"ಹಿಂಡಿದ್ರೆ ಹಾಲು ಬರ್ಬೇಕು, ಇಲ್ಲ ರಸ ಬರ್ಬೇಕು. ಏನೂ ಬರ್ದೇ ಇರೋದ ನಾನ್ಯಾಕೆ ಹಿಂಡ್ಲಿ?"

ಇದಕ್ಕೆ ನಗಬಹುದಿತ್ತು. ಆದರೆ ಅವಳು ನಮ್ಮೊಡನೆ ಊಟಕ್ಕೆ ಕೂರುವುದನ್ನೂ ಬಿಟ್ಟಿದ್ದಳು. ಎಡಗೈಯಲ್ಲಿ ತಿನ್ನುವುದನ್ನು ಯಾರೂ ನೋಡಬಾರದೆಂದು ತಟ್ಟೆ ತೆಗೆದುಕೊಂಡು ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಹೋಗುತ್ತಿದ್ದಳು. ಆ ಬೆನ್ನು ನೋಡಿ ನೋಡಿ ನನಗೆ ಹಟ ಬಂದಿತ್ತು. ಯಾವುದಕ್ಕೆ ಎಂದು ಮಾತ್ರ ತಿಳಿದಿರಲಿಲ್ಲ. ಅಟ್ಟದಲ್ಲಿ ತಿಳಿಯಿತು.

ಆ ಕ್ಯಾಸೆಟ್ಟು ನಮ್ಮ ಮನೆಗೆ ಬಂದ ಕತೆ ಹೇಳಿಬಿಡುತ್ತೇನೆ. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ಬತ್ತೇರಿ ಪೇಟೆಗೆ ಮೆಣಸು ಮಾರಲು ಹೋದವನು, ಮೊಯ್ದುಕ್ಕನ ಟಿವಿ ರಿಪೇರಿ ಅಂಗಡಿಯಿಂದ ಒಂದು ವಿಡಿಯೊ ಗೇಮು ತಂದ. ಜೊತೆಗೆ ಒಂದೇ ಒಂದು ಕ್ಯಾಸೆಟ್ಟು. ಹಾಕಿ ಆಟದ್ದು ಎಂದಿದ್ದನಂತೆ ಮೊಯ್ದುಕ್ಕ. ಹಾಕಿ ನಮಗೆ ಗೊತ್ತಿದ್ದದ್ದೇ, ಹಸಿರು ಮೈದಾನದಲ್ಲಿ ಬಿಳಿ ಚೆಂಡು. ಟಿವಿ ಹಚ್ಚಿದರೆ ಎಲ್ಲ ತಿರುವುಮುರುವು. ಮೈದಾನ ಬೆಳ್ಳಗೆ, ಚೆಂಡು ಕಪ್ಪಗೆ, ಅದೂ ಚಪ್ಪಟೆ.

ನಾವೆಲ್ಲ ಕಣ್ಣು ಪಿಳಿಪಿಳಿ ಬಿಡುತ್ತಿರುವಾಗ ಅತ್ತೆ ಮೊದಲು ಅರ್ಥ ಮಾಡಿಕೊಂಡಳು. "ಕಾಫಿ ಕಣ ಕಣ್ರೋ ಅದು. ಸುಣ್ಣ ಬಳ್ದವ್ರೆ. ನೋಡಿ, ಹತ್ತು ಜನ ಹಲಗೆ ಹಿಡ್ಕೊಂಡು ಒಂದು ಒಣ ಹಣ್ಣ ಕೆದಕ್ತಾವ್ರೆ. ನಮ್ಮ ಮುಟ್ಟಕ್ಕೆ ಬಂದಿದ್ರೆ ಮಧ್ಯಾಹ್ನದೊಳ್ಗೆ ಕೆಲ್ಸ ಮುಗೀತಿತ್ತು." ಮುಟ್ಟ ಎಂದರೆ ನಮ್ಮ ಅಂಗಳ. ಮಲಯಾಳದ ಪದ, ಅತ್ತೆಯ ಕನ್ನಡದಲ್ಲಿ ಮನೆಮಗಳಂತೆ ಓಡಾಡಿಕೊಂಡಿದೆ.

ಕಾಫಿ ಒಣಗಿಸಿದವರಿಗೆ ಇದು ವಿವರಿಸಬೇಕಾಗಿಲ್ಲ. ಅಂಗಳದಲ್ಲಿ ಹರಡಿದ ಹಣ್ಣನ್ನು ಉದ್ದ ಕೋಲಿಗೆ ಹಲಗೆ ಬಡಿದ ಸಾಧನದಿಂದ ದಿನಕ್ಕೆ ನಾಲ್ಕಾರು ಸಲ ಎಳೆದು ತಿರುವಬೇಕು. ಒಣಗಿದ ಹಣ್ಣು ಕಪ್ಪಗಾಗುತ್ತದೆ, ಹಲಗೆಗೆ ಸಿಕ್ಕರೆ ಸರ್ರನೆ ಓಡುತ್ತದೆ. ಹೋಲಿಕೆಯೇನೂ ತಪ್ಪಿರಲಿಲ್ಲ. ನಮಗೆ ಬಗೆಹರಿಯದೆ ಉಳಿದದ್ದು ಒಂದೇ: ಆಟಗಾರರು ಜಾರುತ್ತಿದ್ದರು. ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ, ತಿರುಗಿಸಿದರೆ ಎರಡು ಮಾರು ಹೋಗಿ ತಿರುಗುತ್ತಿದ್ದರು. ಗೇಮು ಕೆಟ್ಟಿದೆ ಎಂದು ಅಪ್ಪ ತೀರ್ಮಾನಿಸಿ, ಎರಡು ಬಸ್ಸು ಹಿಡಿದು ಬತ್ತೇರಿಗೆ ವಾಪಸು ಕೊಂಡುಹೋದ. ಮೊಯ್ದುಕ್ಕನೂ ಸ್ಪಿರಿಟ್ಟು ಹಚ್ಚಿ ಉಜ್ಜಿ, ಊದಿ, ಮತ್ತೆ ಹಾಕಿ ನೋಡಿದ. ಮತ್ತೂ ಜಾರಿದರು. ಬೇಕಾದರೆ ಬೇರೆ ಕ್ಯಾಸೆಟ್ಟು ಕೊಡುತ್ತೇನೆ ಎಂದನಂತೆ. ಅಷ್ಟರಲ್ಲಿ ಅತ್ತೆಗೆ ಜಾರುವುದು ರೂಢಿಯಾಗಿ ರುಚಿ ಹತ್ತಿತ್ತು, ಅಪ್ಪನಿಗೆ ತಾಕೀತು ಮಾಡಿದ್ದಳು: "ಜಾರಿದ್ರೆ ಜಾರ್ಲಿ, ಅದನ್ನೇ ತಕ್ಕೊಂಡು ಬಾ." ಅದು ಐಸ್ ಎಂದು ನಮಗೆ ಹೇಳಿದ್ದು ಶಾಲೆಯ ಟೀಚರು, ಒಂದು ವರ್ಷದ ಮೇಲೆ. ಅತ್ತೆ ನಂಬಲಿಲ್ಲ. ಐಸ್ ಮೇಲೆ ಯಾರಾದರೂ ಕೆಲಸಕ್ಕೆ ಹೋಗುತ್ತಾರೆಯೇ ಎಂದಳು.

ಆ ಗೇಮಿನಲ್ಲಿ ಮೂರು ಥರದ ಆಟಗಾರರು. ಕಡ್ಡಿಯಂಥವನು ಜೋರಾಗಿ ಓಡುತ್ತಾನೆ, ಮುಟ್ಟಿದರೆ ಬೀಳುತ್ತಾನೆ. ಗುಂಡನೆಯವನು ನಿಧಾನ, ಆದರೆ ಎದುರು ಬಂದವರನ್ನು ಹೊಟ್ಟೆಯಿಂದಲೇ ತಳ್ಳುತ್ತಾನೆ. ನಡುವಿನವನು ನಡುವೆ. ನಾನು ಕಡ್ಡಿಗಳನ್ನೇ ಆರಿಸುತ್ತಿದ್ದೆ, ಅತ್ತೆ ಐದಕ್ಕೆ ಐದೂ ಗುಂಡರು. ಮನೆಯ ಕಾನೂನು ಒಂದೇ: ಸೋತವರು ಹೋಗಿ ಕಾಫಿ ಕೆದಕಬೇಕು. ಮುಕ್ಕಾಲುಪಾಲು ಸೋಲುತ್ತಿದ್ದವಳು ಅತ್ತೆ. ಸೆರಗನ್ನು ತಲೆಗೆ ಹೊದ್ದು ಅವಳು ಬಿಸಿಲಿಗಿಳಿದರೆ, ನಾನು ಜಗಲಿಯಲ್ಲಿ ಕಾಲು ಚಾಚಿ ಕೂತು, ವಯನಾಡಿಗೇ ನಾನೊಬ್ಬಳೇ ಚಾಂಪಿಯನ್ನು ಎಂದು ಬೀಗುತ್ತಿದ್ದೆ.

ಆಮೇಲೆ ಆ ಆಟ ಬೆಳೆದದ್ದನ್ನು ದೂರದಿಂದ ನೋಡುತ್ತಲೇ ಬಂದಿದ್ದೇನೆ. ಫ್ರೀಜರಿನ ಹೊರಗೆ ಐಸ್ ಕಾಣದ ನನಗೇಕೆ ಈ ಮೋಹ ಎಂದು ಕೇಳಬೇಡಿ. ಮಾನಂದವಾಡಿಯಲ್ಲಿ ಕಾಲೇಜು ಓದುವಾಗ ಕಂಪ್ಯೂಟರ್ ಸೆಂಟರಿನಲ್ಲಿ ಕಂಡ ಆಟಗಾರರ ಬೆನ್ನಿಗೆ ನಂಬರು ಬಂದಿತ್ತು, ಕಾಲ ಕೆಳಗೆ ನೆರಳು ಬಂದಿತ್ತು. ಮಧ್ಯೆ ಆಟ ಬಿಟ್ಟು ಹೊಡೆದಾಡುತ್ತಲೂ ಇದ್ದರು. ಇನ್ನೂ ಕೆಲವು ವರ್ಷಕ್ಕೆ ಮುಖದಲ್ಲಿ ಬೆವರು ಕಾಣಿಸಿತು, ಐಸಿನ ಮೇಲೆ ಗೀರು ಬಿತ್ತು, ಜನ ಎದ್ದು ನಿಂತು ಕೂಗಿದರು. ಬಟನ್ನು ಎರಡಿದ್ದದ್ದು ಹತ್ತಾಯಿತು, ಹನ್ನೆರಡಾಯಿತು. ಕಡೆಗೆ ಮೊಬೈಲಿಗೆ ಬಂದಾಗ ಬಟನ್ನೇ ಮಾಯ. ಚೆನ್ನಾಗಿಲ್ಲ ಎನ್ನಲಾರೆ. ಎಷ್ಟು ಚೆನ್ನಾಗಿದೆಯೆಂದರೆ ಕೈ ಬಿಟ್ಟು ಸುಮ್ಮನೆ ನೋಡುತ್ತ ಕೂರಬಹುದು.

ಬೆರಳಾಡಿಸಲು ಅತ್ತೆಗೆ ಮೊದಲು ಕೊಟ್ಟದ್ದು ಮೊಬೈಲನ್ನೇ. ಅವಳು ಬಲ ಹೆಬ್ಬೆರಳನ್ನು ಗಾಜಿನ ಮೇಲಿಟ್ಟು ಬಹಳ ಹೊತ್ತು ಪ್ರಯತ್ನಪಟ್ಟಳು. ಎರಡು ಸಲ ಜಾಹೀರಾತು ಬಂತು, ಒಂದು ಸಲ ಯಾರಿಗೋ ಫೋನು ಹೋಯಿತು.

"ಇದು ಒತ್ತಿದ್ರೆ ಒತ್ತಿಸ್ಕೊಳ್ಳಲ್ಲ ಮಗಾ," ಎಂದು ವಾಪಸು ಕೊಟ್ಟಳು. "ನಮ್ದು ಆಗಿದ್ರೆ ಟಕ್ ಅಂತಿತ್ತು. ಒತ್ತಿದ್ದು ನನ್ ಬೆರಳಿಗೆ ತಿಳೀತಿತ್ತು."

ಮಾರನೆಯ ದಿನವೇ, ಅದೇ ಟ್ರಂಕಿನ ತಳದಲ್ಲಿದ್ದ ಹಳೆಯ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅದೇ ಎರಡು ಬಸ್ಸು, ಅದೇ ಬತ್ತೇರಿ. ಮೊಯ್ದುಕ್ಕನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಅಂಗಡಿಯ ತುಂಬ ಮೊಬೈಲಿನ ಕವರು. ಚೀಲ ಬಿಚ್ಚಿದೆ. ಅವನು ಕನ್ನಡಕ ಏರಿಸಿ ಯಂತ್ರವನ್ನೂ ನನ್ನನ್ನೂ ನೋಡಿದ.

"ಮೋಳೇ, ಜಾರ್ತದೆ ಅಂತ ಕಂಪ್ಲೇಂಟ್ ತಂದ ಅಪ್ಪನ ಮಗಳಲ್ವಾ ನೀನು? ಈಗಲೂ ಜಾರ್ತದಾ?"

"ಈಗ ಏಳೋದೇ ಇಲ್ಲ ಇಕ್ಕಾ."

"ಇದರ ಸಾಮಾನು ಈಗ ಸಿಗೂದಿಲ್ಲ. ಬಿಟ್ಟುಬಿಡು."

"ಬಿಡಲ್ಲ," ಎಂದು ಸ್ಟೂಲೆಳೆದು ಕೂತೆ. ಅತ್ತೆಯ ಕೈಯ ವಿಷಯ ಹೇಳಿದೆ. ಅವನು ಮತ್ತೆ ಬಿಟ್ಟುಬಿಡು ಎನ್ನಲಿಲ್ಲ. ಮೂರು ಸಲ ಹೋಗಿಬಂದೆ. ಮೂರನೆಯ ಸಲ, ಯಾವ್ಯಾವುದೋ ಸತ್ತ ಯಂತ್ರಗಳಿಂದ ಕಿತ್ತ ತುಂಡುಗಳನ್ನು ಸೇರಿಸಿ ಬೆಸುಗೆ ಹಾಕಿದ್ದ. ಈಗಿನ ಟಿವಿಗೆ ಸಿಕ್ಕಿಸಲು ಹಳದಿ ತುದಿಯ ವಯರನ್ನೂ ಕೊಟ್ಟ.

ಮನೆಗೆ ಬಂದು ಹಚ್ಚಿದರೆ, ಅಗಲದ ಟಿವಿಯಲ್ಲಿ ಚಿತ್ರ ಹಿಗ್ಗಿ ನನ್ನ ಕಡ್ಡಿಗಳಿಗೂ ಹೊಟ್ಟೆ ಬಂದಿತ್ತು.

"ಅವ್ರಿಗೂ ವಯಸ್ಸಾಯ್ತು ಬುಡು," ಎಂದಳು ಅತ್ತೆ.

ಕೈಯಲ್ಲಿ ಹಿಡಿಯುವ ಬಟನ್ನಿನ ಪೆಟ್ಟಿಗೆಯಲ್ಲಿ ಓಡಿಸುವುದು ಎಡ ಹೆಬ್ಬೆರಳು, ಹೊಡೆಯುವುದು ಬಲದ್ದು. ಹಾಗಾಗಿ ಮೊದಲ ದಿನಗಳಲ್ಲಿ ಅತ್ತೆಯ ಗುಂಡರು ಎಲ್ಲರನ್ನೂ ತಳ್ಳಿಕೊಂಡು ಗೋಲಿನ ಬಾಯಿಯವರೆಗೆ ಬರುತ್ತಿದ್ದರು, ಬಂದು ನಿಲ್ಲುತ್ತಿದ್ದರು. ಬಲ ಹೆಬ್ಬೆರಳು ಬಟನ್ನಿನ ಮೇಲೆ ನಡುಗುತ್ತಿತ್ತು, ಇಳಿಯುತ್ತಿರಲಿಲ್ಲ. ಅವಳ ತುಟಿ ಬಿಗಿಯುತ್ತಿತ್ತು. ವಾರ ಕಳೆಯಿತು, ಕೊಯ್ಲು ಶುರುವಾಗಿ ಅಂಗಳಕ್ಕೆ ಕಾಫಿ ಬಂತು. ಅವಳು ಇದನ್ನೂ ನಾಯಿಗೆ ಎಸೆದಾಳು ಎಂದು ನನಗೆ ದಿಗಿಲು. ಅದಕ್ಕೇ ಒಂದು ಬೆಳಿಗ್ಗೆ ನಾನೇ ತಪ್ಪಿದವಳಂತೆ ಕಪ್ಪು ಬಿಲ್ಲೆಯನ್ನು ನನ್ನದೇ ಗೋಲಿಗೆ ನುಗ್ಗಿಸಿದೆ. ಆಟ ಮುಗಿದ ಗಂಟೆ ಹೊಡೆಯಿತು.

"ಅಯ್ಯೋ, ಸೋತೆ ಅತ್ತೆ. ಹೋಗಿ ಕೆದಕ್ತೀನಿ."

ಅತ್ತೆ ಬಟನ್ನಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. "ಕೂತ್ಕೋ. ಬೇಕಂತ ಸೋಲ್ಬೇಡ."

"ಬೇಕಂತ ಯಾರ್ ಸೋತ್ರು?"

"ನಂಗ್ ಹೇಳ್ಕೊಡ್ಬೇಡ. ನಾಕೈದು ಕೊಯ್ಲು ಬೇಕಂತ ಸೋತವಳು ನಾನು. ಹೆಂಗ್ ಸೋಲ್ಬೇಕು ಅಂತ ನಿಂಗಿನ್ನೂ ಬರಲ್ಲ."

ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಆ ಚಾಂಪಿಯನ್ನು, ಅವಳ ಎದುರಿನ ಬಿಸಿಲಲ್ಲಿ ಸೆರಗು ಹೊದ್ದು ಹಲಗೆ ಎಳೆಯುತ್ತಿದ್ದವಳು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು. ನಾನು ಗೆದ್ದೆನೆಂದುಕೊಂಡದ್ದೆಲ್ಲ ನೆರಳು ಮಾತ್ರ.

"ಅವಾಗ ನೀ ಕೂಸು, ಬಿಸ್ಲು ತಡೀತಿರ್ಲಿಲ್ಲ," ಎಂದಳು ಅತ್ತೆ, ಏನೋ ಚಿಲ್ಲರೆ ವಿಷಯ ಹೇಳುವಂತೆ. "ನಾನೇನ್ ಕೂಸಾ? ಆಡೋದಾದ್ರೆ ಸರ್ಯಾಗ್ ಆಡು."

ಆಡಿದೆ. ಒಂದಿಷ್ಟೂ ಬಿಡದೆ ಆಡಿದೆ. ಹೊಟ್ಟೆ ಬಂದ ನನ್ನ ಕಡ್ಡಿಗಳು ಏಳು ಗೋಲು ಹೊಡೆದವು. ಎಂಟನೆಯದಕ್ಕೆ ಹೋಗುತ್ತಿರುವಾಗ ಅವಳ ಗುಂಡನೊಬ್ಬ ಅಡ್ಡ ಬಂದು ಕಿತ್ತುಕೊಂಡ, ನಿಧಾನವಾಗಿ ಅತ್ತ ಕಡೆಯವರೆಗೆ ಜಾರಿದ, ಎಂದಿನಂತೆ ನಿಂತ. ನಾನು ಹಿಂದಿನಿಂದ ಬಂದು ಕೆಡವುವುದರಲ್ಲಿದ್ದೆ. ಆಗ ಪಕ್ಕದಲ್ಲಿ ಟಕ್ ಎಂದಿತು.

ಸಣ್ಣ ಸದ್ದು. ಬಿಲ್ಲೆ ಗೋಲಿನೊಳಗಿತ್ತು. ಇಬ್ಬರೂ ಟಿವಿ ನೋಡಲಿಲ್ಲ, ಅವಳ ಹೆಬ್ಬೆರಳನ್ನು ನೋಡಿದೆವು.

"ಏಳಕ್ಕೆ ಒಂದು," ಎಂದಳು ಅತ್ತೆ. "ಸೋತೆ." ಗೋಡೆ ಹಿಡಿದು ಎದ್ದಳು. ಅವಳು ಅಂಗಳಕ್ಕಿಳಿದು ಹಲಗೆಯ ಕೋಲನ್ನು ಎಡಗೈಯಲ್ಲಿ ಹಿಡಿದಳು. ಬಲಗೈಯ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಕೂರಿಸಿ ಎಳೆಯತೊಡಗಿದಳು. ಕಾಫಿಯ ಮೇಲೆ ಸಾಲು ಬಿದ್ದಿತು, ಒಂದು ಕಡೆ ಆಳ, ಒಂದು ಕಡೆ ಬರೀ ಗೀರು. ಮೂರು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ನಾನು ಜಗಲಿಯ ನೆರಳಲ್ಲಿ ಕೂತು ನೋಡಿದೆ. ಜೀವನದಲ್ಲಿ ನಾನು ಮಾಡಿದ ಕಷ್ಟದ ಕೆಲಸಗಳಲ್ಲಿ ಅದೂ ಒಂದು.

ಈಗ ಅಂಗಳದಲ್ಲಿ ಎರಡನೆಯ ಸುತ್ತಿನ ಕಾಫಿ ಒಣಗುತ್ತಿದೆ. ನಿನ್ನೆ ನನ್ನ ಐದಕ್ಕೆ ಅತ್ತೆಯದು ಮೂರು. ಮಧ್ಯಾಹ್ನ ಅತ್ತೆ ಹಿಂದಿನ ಮೆಟ್ಟಿಲಿಗೆ ಹೋಗದೆ ನಮ್ಮ ಸಾಲಿನಲ್ಲೇ ಕೂತು, ಅರ್ಧ ಅನ್ನ ಚೆಲ್ಲಿಕೊಂಡು ಬಲಗೈಯಲ್ಲೇ ಉಂಡಳು. ಇದನ್ನು ಬರೆಯುತ್ತಿರುವಾಗ ಒಳಗಿಂದ ಕ್ಯಾಸೆಟ್ಟಿನ ಬಾಯಿಗೆ ಊದುವ ಸದ್ದು ಕೇಳಿಸುತ್ತಿದೆ. ಊದಿ, ಸೆರಗಿನಿಂದ ಒರೆಸಿ, ಕರೆಯುತ್ತಾಳೆ.

"ಬತ್ತೀಯಾ? ಇವತ್ತು ಬಿಸ್ಲಿಗೆ ಹೋಗೋದು ನೀನು."

ನೋಡೋಣ. ನಾನಂತೂ ಬಿಟ್ಟುಕೊಡುವುದಿಲ್ಲ.