ಒದೆಯುವ ಮುಂಚಿನ ಟೈಮ್‌ಔಟ್

ಭಾಯಿಯ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಹಾದ ಲೋಟ ಹಿಡಿದರೆ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಕೆಳಗಿನ ಮನೆಯವರು. ಬಂಟ್ವಾಳ ಕಡೆಯ ಬ್ಯಾರಿಗಳು. ಅಮೆರಿಕದವರ ಕಂಪನಿಯ ಕ್ಯಾಂಪೊಂದರ ಕ್ಯಾಂಟೀನಿನಲ್ಲಿ ಕೆಲಸ. ಶುಕ್ರವಾರ ನಮಾಜು ಮುಗಿಸಿ ಬಂದು, ನನ್ನ ನೀರುದೋಸೆ ತಿನ್ನುತ್ತ, ಅಲ್ಲಿನ ಟೀವಿಯಲ್ಲಿ ಕಂಡ ಅಮೆರಿಕನ್ ಫುಟ್‌ಬಾಲ್ ವರ್ಣಿಸುತ್ತಿದ್ದರು.

ಆ ಆಟದಲ್ಲಿ ಚೆಂಡು ಒದೆಯಲೆಂದೇ ಒಬ್ಬನಿರುತ್ತಾನಂತೆ. ಅವನು ಇನ್ನೇನು ಒದೆಯಬೇಕು, ಎದುರಿನವರು ಟೈಮ್‌ಔಟ್ ಕೇಳಿ ಆಟ ನಿಲ್ಲಿಸುತ್ತಾರಂತೆ, ಅವನ ಧೈರ್ಯ ಕೆಡಲೆಂದು.

“ಕೆಡದೆ ಇರ್ತದಾ ಭಾಯಿ? ಕಾಯಿಸಿದ್ರೆ ಯಾರ ಕಾಲಾದ್ರೂ ನಡುಗ್ತದೆ,” ಎನ್ನುತ್ತಿದ್ದರು ನಮ್ಮವರು.

“ಸುಮ್ಮನೆ ನಿಂತವನದ್ದು ನಡುಗ್ತದೆ ಮಾರಾಯ್ರೆ. ಬಗ್ಗಿ ಚೆಂಡಿಡುವಲ್ಲಿ ಹುಲ್ಲು ಸರಿ ಮಾಡ್ತಾ ಇದ್ದವನಿಗೆ ಎಂತದೂ ಆಗುದಿಲ್ಲ. ನಾನು ನೋಡಿದ್ದೇನೆ.”

“ನೀವು ನೋಡಿದ್ದು ಚಹಾ ಕೊಡ್ಲಿಕ್ಕೆ ಹೋದಾಗ, ಅರ್ಧ ಆಟ!”

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ನಮ್ಮವರು ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿದ್ದರು. ಯಂತ್ರ ನಡೆಸಬಲ್ಲವರನ್ನು ಊರಿಗೆ ಬಿಡದೆ ಹಿಡಿದಿಡುತ್ತಾರೆಂಬ ಸುದ್ದಿ ಹಬ್ಬಿತ್ತು. ಇವರ ಕೆಲಸದ ಕಾರ್ಡನ್ನು ನಾನೇ ಒಲೆಗೆ ಹಾಕಿದೆ. ಕೇಳಿದರೆ ಇವರು, ಭಾಯಿಯ ಕಿರಾಣಿ ಅಂಗಡಿಯಲ್ಲಿ ಆಳಾಗಿದ್ದೇನೆ ಎನ್ನುವುದೆಂದು ಮಾತಾಯಿತು. ಊರಿಗೆ ಹೊರಟವರ ಬಸ್ಸು ನಿಲ್ಲುವಲ್ಲಿಗೆ ಭಾಯಿ ತಮ್ಮ ಹಳೆಯ ಗಾಡಿಯಲ್ಲಿ ನಮ್ಮನ್ನು ಕರೆದೊಯ್ದರು.

ದಾರಿಯಲ್ಲಿ ಚೆಕ್‌ಪೋಸ್ಟ್. ಸೈನಿಕ ಪಾಸ್‌ಪೋರ್ಟು ನೋಡಿ, ನಮ್ಮವರ ಮುಖ ನೋಡಿ, ಎಲ್ಲಿ ಕೆಲಸವೆಂದು ಕೇಳಿದ. “ದುಕಾನ್,” ಎಂದರು ಇವರು, ಅಂಗಡಿ ಎಂದು. ಅವನು ಪಾಸ್‌ಪೋರ್ಟು ಹಿಡಿದು ನೆರಳಿಗೆ ಹೋಗಿ ಕೂತ. ಅಲ್ಲಿಂದಲೇ ನಮ್ಮನ್ನು ನೋಡುತ್ತಿದ್ದ.

ಬಿಸಿಲು ಸುಡುತ್ತಿತ್ತು. ಮಗಳು ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದಳು, ಅದೊಂದು ದೇವರ ದಯೆ. “ಹೋಗಿ ನಿಜ ಹೇಳಿಬಿಡ್ತೇನೆ, ಹೇಗೂ ಗೊತ್ತಾಗಿದೆ ಅವನಿಗೆ,” ಎಂದು ಇವರು ಬಾಗಿಲಿಗೆ ಕೈ ಹಾಕಿದರು.

“ಎಂತ ಗೊತ್ತಾಗಿದೆ? ಅವ ಟೈಮ್‌ಔಟ್ ತಗೊಂಡದ್ದು ಅಷ್ಟೆ,” ಎಂದರು ಭಾಯಿ. ಸೀಟಿನಡಿಯಿಂದ ಬಟ್ಟೆ ಎಳೆದು ಇವರ ಕೈಗಿಟ್ಟರು. “ಇಳಿದು ಗ್ಲಾಸ್ ಒರೆಸಿ. ಅಂಗಡಿಯ ಆಳು ಯಜಮಾನನ ಪಕ್ಕ ಸುಮ್ಮನೆ ಕೂತ್ಕೊಳ್ತಾನಾ? ಮೂಲೆ ಮೂಲೆ ಒರೆಸಿ.”

ಇವರು ಒರೆಸಿದರು. ಧೂಳು ಎಷ್ಟಿತ್ತೆಂದರೆ ಒರೆಸಿದಷ್ಟೂ ಮಬ್ಬಾಗುತ್ತಿತ್ತು. “ಅಲ್ಲಲ್ಲ, ಈಚೆ,” ಎಂದು ಭಾಯಿ ಒಳಗಿನಿಂದಲೇ ಗದರುತ್ತಿದ್ದರು. ನಾನು ನಾಮಸ್ಮರಣೆ ಬಿಡಲಿಲ್ಲ. ಸೈನಿಕ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದಾಗ ಇವರು ಒರೆಸುವುದನ್ನು ನಿಲ್ಲಿಸದೆ, ಬೇಸರಬಂದವರಂತೆ, “ದುಕಾನ್,” ಎಂದರು. ಅವನು ಪಾಸ್‌ಪೋರ್ಟು ಚಾಚಿದ. “ಯಲ್ಲಾ,” ಎಂದ, ಹೊರಡಿ ಎಂದು.

ಚೆಕ್‌ಪೋಸ್ಟ್ ಕಣ್ಮರೆಯಾದ ಮೇಲೆ ಭಾಯಿ ಗಾಡಿ ನಿಲ್ಲಿಸಿದರು. ಸ್ಟೇರಿಂಗ್ ಮೇಲಿನ ಎರಡೂ ಕೈ ಗಡಗಡ ನಡುಗುತ್ತಿದ್ದವು. ಬಾಗಿಲು ತೆಗೆದು ವಾಂತಿ ಮಾಡಿಕೊಂಡರು. ನಾನು ನೀರು ಕೊಟ್ಟೆ.

“ಎಂತ ಭಾಯಿ, ನಿಮಗೇ ಹೀಗಾ?” ಎಂದರು ಇವರು.

ಭಾಯಿ ಬಾಯಿ ಒರೆಸಿಕೊಂಡು ನಗಲು ನೋಡಿದರು. “ಬಟ್ಟೆ ಒಂದೇ ಇತ್ತಲ್ಲ ಮಾರಾಯ್ರೆ.”

ಬಸ್ಸು ಹತ್ತಿಸಿ, ಇನ್ನೊಂದು ಸಂಸಾರವನ್ನು ಕರೆತರಲು ಅದೇ ದಾರಿಯಲ್ಲಿ ಹಿಂತಿರುಗಿದರು. ಆಮೇಲೆ ಅವರೂ ಊರು ಸೇರಿ, ಬಹುಕಾಲ ಬಾಳಿ, ಹೋದ ವರ್ಷ ತೀರಿಕೊಂಡರು. ಸಂಜೆ ದೀಪ ಹಚ್ಚುವಾಗ ನಮ್ಮ ಮನೆಯವರ ಹೆಸರೆಲ್ಲ ಮುಗಿದ ಮೇಲೆ ಅವರ ಹೆಸರನ್ನೂ ಹೇಳುತ್ತೇನೆ. ಸಲ್ಲುತ್ತದೆಯೋ ಇಲ್ಲವೋ ಎಂದು ಯಾರನ್ನೂ ಕೇಳಿಲ್ಲ.