ತುಪ್ಪ ಮೊದಲು ಬಂದ ಪಂಕ್ತಿ

“ಮುಖ ನೋಡಿಲ್ರೀ ನಾ, ಬೂಟ್ ನೋಡೀನಿ. ಕಲಬುರ್ಗಿ ಕಚೇರಿ ಬಾಗಿಲದಾಗ ಮುಂಜಾನಿಂದ ಸಂಜೀತನಾ ನಿಂತಿದ್ದೆ, ಒಮ್ಮೆರ ತಲಿ ಎತ್ತಿಲ್ಲ. ಒಳಗ ನಮ್ಮ ಮನಿಯವರನ್ನ ಕುಂದ್ರಿಸಿದ್ರು. ಹೊಡ್ಯಾಕತ್ತಾರೋ, ಬಯ್ಯಾಕತ್ತಾರೋ, ಏನೂ ತಿಳೀವಲ್ದು. ಪೊಲೀಸ್ ಅಮೀನಸಾಬ ಒಳಗ ಹೋಗ್ತಾನ, ಹೊರಗ ಬರ್ತಾನ. ನನ್ನ ಕಣ್ಣಿಗಿ ಕಾಣೂದು ಬರೇ ಬೂಟ್. ಕೆಂಪು ಚರ್ಮದ್ದು, ಎಡಗಾಲಿಂದು ಮ್ಯಾಲ ಸೀಳಿತ್ತು, ಕರೀ ದಾರ ಹಾಕಿ ಹೊಲದಿದ್ರು. ಆ ಹೊಲಿಗಿ ನೋಡಿಕೋತ ನಿಂತೆ ನೋಡ್ರಿ. ಕಡೀಕ ಅಂವ ಅಂದದ್ದು ಕಿವಿಗಿ ಬಿತ್ತು. ‘ಇದು ಮೊದಲನೇ ಸಲ, ಬಿಟ್ಟೀನಿ. ಇನ್ನೊಮ್ಮೆ ಇಜಾಜತ್ ಇಲ್ದ, ಪರವಾನಗಿ ಇಲ್ದ ನಾಟಕ ಆಡಿದ್ರ ತಡೀಪಾರ. ಈ ಜಿಲ್ಲೆದಾಗ ಕಾಲಿಡಂಗಿಲ್ಲ.’ ಅವರನ್ನ ಊರು ಬಿಡಿಸಿದ್ರ ನಾ ಯಾರ ಬಾಗಿಲಿಗಿ ಹೋಗ್ಲಿ? ಹಡದವ್ರು ಇಲ್ಲ, ಒಡಹುಟ್ಟಿದವ್ರು ಇಲ್ಲ. ಅವತ್ತಿನಿಂದ ಉಂಡದ್ದು ಮೈಗಿ ಹತ್ತಲಿಲ್ಲ.”

ಮಲ್ಕಮ್ಮ ಈ ಮಾತನ್ನು ಎಷ್ಟು ಮಂದಿಗೆ ಹೇಳಿದ್ದಾಳೋ. ಪ್ರತಿ ಸಲವೂ ಬೂಟಿನಿಂದಲೇ ಶುರು ಮಾಡುತ್ತಿದ್ದಳು.

ತಾಜಸುಲ್ತಾನಪುರದಲ್ಲಿ ಹುಟ್ಟಿದವಳು, ಕಮಲಾಪುರಕ್ಕೆ ಸೊಸೆಯಾಗಿ ಬಂದವಳು. ಗಂಡ ಚಂದ್ರಶಾ ಪರರ ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ. ಕೂಲಿ ಹಗಲಿನದು, ಸಂಜೆಯಾದರೆ ಅವನೇ ಬೇರೆ. ಕಂಠ ಎತ್ತಿ ಪದ ಹಾಡಿದರೆ ಹೊಲದಾಚೆ ಇದ್ದವರೂ ಕೆಲಸ ನಿಲ್ಲಿಸಿ ಕೇಳುವಂಥ ಕಂಠ. ಊರ ಹೊರಗೆ ಸುಲ್ತಾನರ ಕಾಲದ ಒಂದು ಪಾಳುಬಿದ್ದ ಮುಸಾಫಿರಖಾನೆ, ದಾರಿಹೋಕರು ತಂಗುವ ಛತ್ರ, ಇತ್ತು. ಸುಗ್ಗಿ ಮುಗಿದ ಮೇಲೆ ಅದರ ಕಮಾನುಗಳ ಕೆಳಗೆ ಊರವರು ಸೇರಿ, ಹಿಂದಿನ ಕಾಲದ ಕವಿಗಳಲ್ಲಿ ಒಬ್ಬನನ್ನು ನೆನೆದು ಅವನ ಕಥೆಯನ್ನು ನಾಟಕ ಆಡುವುದು, ಆಮೇಲೆ ಎಲ್ಲರೂ ಪಂಕ್ತಿಯಲ್ಲಿ ಕೂತು ಉಣ್ಣುವುದು, ಇದು ಹಿರಿಯರಿಂದ ಬಂದ ರೂಢಿ. ಕವಿಯ ಪಾತ್ರ ಯಾವಾಗಲೂ ಚಂದ್ರಶಾನದೇ. ಅಡಿಗೆ ಯಾವಾಗಲೂ ಮಲ್ಕಮ್ಮನದೇ.

ನಿಜಾಮರ ಸರಕಾರ ಸಭೆ, ಭಾಷಣ, ನಾಟಕಗಳಿಗೆಲ್ಲ ಇಜಾಜತ್ ಬೇಕೆನ್ನತೊಡಗಿದ ಮೇಲೆ ಈ ರೂಢಿಗೆ ಕುತ್ತು ಬಂತು. ಕನ್ನಡದ ನಾಟಕವೆಂದರೆ ಕೇಳುವುದೇ ಬೇಡ. ಅರ್ಜಿ ಕೊಟ್ಟವರು ಕೊಟ್ಟು ಕೊಟ್ಟು ಸೋತರು. ಸೋತವರು ಹಾಗೆಯೇ ಆಡಿದರು. ಚಂದ್ರಶಾನನ್ನು ಕಲಬುರ್ಗಿಗೆ ಎಳೆದುಕೊಂಡು ಹೋದದ್ದು ಆಗಲೇ.

ಮರುವರ್ಷ ಸುಗ್ಗಿ ಮುಗಿಯುತ್ತಲೇ ಕಿರಾಣಿ ಅಂಗಡಿಯ ಖಂಡೆಪ್ಪ ಚಂದ್ರಶಾನ ಮನೆಯ ಕಟ್ಟೆಗೆ ಬಂದು ಕೂತ. ಈ ಸಂಜೆಗಳಿಗೆಲ್ಲ ಅವನೇ ಮುಂದಾಳು. ಹಿಂದೆಯೇ ಗಾಣದ ಅಣವೀರಪ್ಪ ತನ್ನ ದೊಡ್ಡ ಹೊಟ್ಟೆ ಹೊತ್ತುಕೊಂಡು ಬಂದ.

“ನಾಟಕಕ್ಕ ಇಜಾಜತ್ ಬೇಕು, ಉಣ್ಣಾಕ ಬೇಕೇನು?” ಎಂದ ಖಂಡೆಪ್ಪ. “ಈ ಸಲ ಪರದೆ ಇಲ್ಲ, ಬಣ್ಣ ಇಲ್ಲ. ಪಂಕ್ತಿನೇ ರಂಗ, ನೀಡೋರೇ ಪಾತ್ರಧಾರಿಗಳು. ಹೋಳಿಗಿ ಬುಟ್ಟಿ ಹಿಡಕೊಂಡು ಅಣವೀರಪ್ಪ ಬರ್ತಾನ, ಅಂವ ರಾಜ. ಪಲ್ಯ ನೀಡಿಕೋತ ನಾ ಮಂತ್ರಿ. ಸಾರಿನ ಹಿಂದ ಚಂದ್ರಶಾ, ಕವಿ. ಮಾತು ಆಡ್ತೀವಿ, ನೀಡ್ತೀವಿ. ಸರಕಾರದವ್ರು ಯಾರರ ಬಂದ್ರ, ಬರೇ ನೀಡ್ತೀವಿ.”

“ರಾಜ ಆದವ ಬುಟ್ಟಿ ಹೊರ್ತಾನೇನೋ?” ಎಂದ ಅಣವೀರಪ್ಪ.

“ನಿನ್ನ ಹೊಟ್ಟಿ ನೋಡಿದ ಮಂದಿ ರಾಜ ಅಂತ ತಾವೇ ತಿಳಕೋತಾರ. ನೀ ಚಿಂತಿ ಮಾಡಬ್ಯಾಡ.”

ಕಟ್ಟೆಯ ಮೇಲೆ ಸೇರಿದ್ದ ಗಂಡಸರೆಲ್ಲ ನಕ್ಕರು. ಬಾಗಿಲ ಮರೆಯಲ್ಲಿದ್ದ ಮಲ್ಕಮ್ಮನಿಗೆ ನಗು ಬರಲಿಲ್ಲ. “ಅಣ್ಣಾರ, ಬಂದದ್ದು ನಿಮಗ ಗೊತ್ತಾಗೂದು ಹೆಂಗ?” ಎಂದು ಕೇಳಿದಳು.

“ಅದಕ್ಕ ನೀ ಇದ್ದೀಯಲ್ಲ ತಂಗಿ. ಅಡಗಿ ಕೋಲಿಯಿಂದ ಹೊರಬಾಗಿಲು ಕಾಣ್ತದ. ಅನುಮಾನ ಬಂತಂದ್ರ ತುಪ್ಪದ ತಂಬಿಗಿ ಹೊರಗ ಕಳಸಿಬಿಡು. ತುಪ್ಪ ಕಡೀಕ ಬರೂದು. ಮೊದಲೇ ಬಂತಂದ್ರ ನಾವು ತಿಳಕೋತೀವಿ, ನಾಟಕ ಬಂದ್.”

ಎಲ್ಲರೂ ತಲೆಯಾಡಿಸಿದರು. ಮಲ್ಕಮ್ಮನೂ ತಲೆಯಾಡಿಸಿದಳು. ಅವರು ಹೋದ ಮೇಲೆ ಗಂಡನ ಮುಂದೆ ಬಂದು ನಿಂತಳು.

“ಏನ್ರೀ, ಈ ವರ್ಷ ಒಂದು ಬಿಡ್ರಲ್ಲ.”

“ಆ ಮುದುಕ ಕವಿ ಹಸದು ಅರಮನಿಗಿ ಹೋಗಿದ್ದ,” ಎಂದ ಚಂದ್ರಶಾ. “ಹೊಗಳಿದ್ರ ಉಣ್ಣಾಕ ಇಡ್ತೀನಿ ಅಂದ ರಾಜ. ಅಂವ ಎಲಿ ಮುಂದಿಂದ ಎದ್ದು ಬಂದ. ಅಂಥವನ ಪಾತ್ರ ಮಾಡೋವ ನಾ. ಅಂಜಿ ಮನ್ಯಾಗ ಕುಂತ್ರ ಹೆಂಗ?”

“ಅವನಿಗಿ ಹೆಂಡ್ತಿ ಇರಲಿಲ್ಲೇನು?”

“ಇದ್ದಿದ್ರ ಪದದಾಗ ಬರ್ತಿದ್ಲು,” ಎಂದು ಚಂದ್ರಶಾ ಕಂಬಳಿ ಎಳೆದುಕೊಂಡ.

ಆ ಸಂಜೆ ಬಂದೇ ಬಂತು. ಮುಸಾಫಿರಖಾನೆಯ ನೆಲ ಸಾರಿಸಿ, ತೋಟದಿಂದ ತಂದ ಬಾಳೆಲೆ ಹಾಸಿ, ಕಮಾನಿನ ಗೂಡುಗಳಲ್ಲಿ ಹಣತೆ ಇಟ್ಟಿದ್ದರು. ಒಂದು ಕೋಣೆಯಲ್ಲಿ ಕಲ್ಲು ಹೂಡಿ ಒಲೆ ಮಾಡಿಕೊಂಡು ಮಲ್ಕಮ್ಮ ಮಧ್ಯಾಹ್ನದಿಂದಲೇ ಹೋಳಿಗೆ ಬೇಯಿಸುತ್ತಿದ್ದಳು. ಕೈ ಹೋಳಿಗೆಯ ಮೇಲೆ, ಕಣ್ಣು ಬಾಗಿಲ ಮೇಲೆ. ಊರವರು ಬಂದರು. ಊರ ಗಾಡಿಯವ ಕರೀಂಸಾಬನ ಬಂಡಿಯಲ್ಲಿ ಕಲಬುರ್ಗಿಯ ಕಡೆಯ ಮಂದಿಯೂ ಬಂದಿಳಿದರು. ಹೊಸ ಮುಖ ಕಂಡರೆ ಅನುಮಾನ ಪಡು ಎಂದರೆ ಯಾರ ಮೇಲೆಂದು ಪಡುವುದು? ಅರ್ಧ ಪಂಕ್ತಿ ಹೊಸ ಮುಖಗಳೇ ಇದ್ದವು. ಪದದ ಹುಚ್ಚಿನವರು ಹಳ್ಳಿ ಹಳ್ಳಿಯಿಂದ ಬರುತ್ತಿದ್ದರು, ಯಾರೂ ಯಾರನ್ನೂ ಯಾರೆಂದು ಕೇಳುತ್ತಿರಲಿಲ್ಲ.

ಅಣವೀರಪ್ಪ ಹೋಳಿಗೆಯ ಬುಟ್ಟಿ ಎತ್ತಿಕೊಂಡು ಹೊರಟ. ಪಂಕ್ತಿಯ ನಡುವೆ ನಿಂತು, “ನನ್ನ ರಾಜ್ಯದಾಗ ನನ್ನ ಹೊಗಳದ ಬಾಯಿಗಿ ಅನ್ನ ಇಲ್ಲ!” ಎಂದು ಗರ್ಜಿಸಿದ. ಜನ ಹೋ ಎಂದರು. ಖಂಡೆಪ್ಪ ಪಲ್ಯದ ಸೌಟು ಹಿಡಿದು, “ಹೌದು ಮಹಾರಾಜ, ಉಪ್ಪು ಕೂಡ ಇಲ್ಲ” ಎಂದು ಬಾಗಿದ. ಕೂತವರು ಎಲೆ ಬಡಿದು ನಕ್ಕರು. ಚಂದ್ರಶಾ ಕೋಣೆಯ ಮೂಲೆಯಲ್ಲಿ ಕಣ್ಣು ಮುಚ್ಚಿ, ತುಟಿಯಲ್ಲೇ ಮಾತು ಒಪ್ಪಿಸಿಕೊಳ್ಳುತ್ತಿದ್ದ.

ಮಲ್ಕಮ್ಮ ನೀರಿನ ಕೊಡ ತರಲೆಂದು ಹೊರಬಾಗಿಲಿಗೆ ಹೋದಳು. ಅಲ್ಲಿ ಉಣ್ಣಲು ಕೂತವರೆಲ್ಲರ ಪಾದರಕ್ಷೆಗಳು ಬಿದ್ದಿದ್ದವು, ಮಣ್ಣು ಮೆತ್ತಿದ ಜೋಡು, ಹಿಮ್ಮಡಿ ಸವೆದ ಚಪ್ಪಲಿ. ಅವುಗಳ ನಡುವೆ, ಗೋಡೆಗೆ ಒತ್ತಿ ಒಪ್ಪವಾಗಿ ಜೋಡಿಸಿಟ್ಟ ಕೆಂಪು ಬೂಟು. ಎಡಗಾಲಿನದರ ಮೇಲೆ ಕರಿಯ ದಾರದ ಹೊಲಿಗೆ.

ಕೊಡ ಅಲ್ಲೇ ಉಳಿಯಿತು. ತಾನು ಕೋಣೆಗೆ ಹೇಗೆ ಬಂದೆನೆಂದು ಅವಳಿಗೆ ಆಮೇಲೆ ನೆನಪೇ ಬರಲಿಲ್ಲ. ಬಾಗಿಲಿನಿಂದ ಪಂಕ್ತಿಯ ಮೇಲೆ ಕಣ್ಣಾಡಿಸಿದಳು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಎಲ್ಲರ ತಲೆಯ ಮೇಲೂ ರುಮಾಲು, ಎಲ್ಲರ ಕಾಲೂ ಬರಿಗಾಲು. ಅವನು ಇಲ್ಲೇ ಇದ್ದಾನೆ, ಅವಳು ಮಾಡಿದ ಹೋಳಿಗೆ ತಿನ್ನುತ್ತಿದ್ದಾನೆ. ಯಾವನೆಂದು ಗೊತ್ತಿಲ್ಲ.

ತುಪ್ಪದ ತಂಬಿಗೆ ಎತ್ತಿದಳು. ಕೋಣೆಯಲ್ಲಿ ಚಂದ್ರಶಾನ ಹೊರತು ಯಾರೂ ಇರಲಿಲ್ಲ.

“ಬಂದಾನ್ರೀ. ಆ ಅಮೀನ. ಬೂಟ್ ಬಾಗಿಲದಾಗ ಅದ.”

ಚಂದ್ರಶಾ ಎದ್ದು ಬಂದ. ತಂಬಿಗೆಗೆ ಕೈ ಚಾಚಿದ.

“ನೀವು ಬ್ಯಾಡ್ರಿ. ನಾನೇ ಒಯ್ತೀನಿ. ನಿಮ್ಮ ಮುಖ ಅವನಿಗಿ ಗೊತ್ತದ.”

“ಈ ಪಂಕ್ತ್ಯಾಗ ಹೆಣ್ಮಕ್ಳು ಎಂದರ ನೀಡ್ಯಾರೇನು? ನೀ ಹೋದ್ರ ಇನ್ನಾ ಅನುಮಾನ. ತುಪ್ಪ ನೀಡೂದು ಗುನ್ಹೆ ಅಲ್ಲ, ಕೊಡು.”

ಅವನು ಹೊರಗೆ ಕಾಲಿಟ್ಟ. ತಂಬಿಗೆ ಕಂಡದ್ದೇ ತಡ, ಅಣವೀರಪ್ಪ ಅರ್ಧ ಮಾತನ್ನು ನುಂಗಿಕೊಂಡು, “ಹೋಳಿಗಿ ಬೇಕೇನ್ರೀ, ಹೋಳಿಗಿ” ಎಂದು ಬಗ್ಗಿದ. ಖಂಡೆಪ್ಪ ಪಲ್ಯದ ಪಾತ್ರೆಯಲ್ಲಿ ಮುಖ ಹುದುಗಿಸಿದ. ನಾಟಕ ನಿಂತಿತು. ಮಲ್ಕಮ್ಮ ಉಸಿರು ಬಿಟ್ಟಳು.

ಆಗ ಪಂಕ್ತಿಯ ತುದಿಯಿಂದ ಒಬ್ಬ ಮುದುಕ ರಾಗ ಎತ್ತಿದ.

ತುಪ್ಪ ಬಂತೆಂದರೆ ನಾಟಕ ಬಂದ್ ಎಂಬುದು ನೀಡುವವರಿಗೆ ಮಾತ್ರ ಗೊತ್ತು. ಉಣ್ಣುವವರಿಗೆ ತುಪ್ಪ ಬಂತೆಂದರೆ ಪದ ಹಾಡುವ ಹೊತ್ತು. ಈ ಪಂಕ್ತಿಯಲ್ಲಿ ಪದ ಹೇಳದವನ ಎಲೆಗೆ ತುಪ್ಪ ಬೀಳುವುದಿಲ್ಲ. ತಲೆಮಾರುಗಳಿಂದ ಹಾಗೆಯೇ ನಡೆದು ಬಂದಿದೆ. ಅದೂ ಯಾರ ನೆನಪಿನ ಸಂಜೆಯೋ ಆ ಕವಿಯ ಪದವೇ ಆಗಬೇಕು. ಯಾವ ಪದಗಳಿಗಾಗಿ ಸರಕಾರದವರು ನಾಟಕ ಬೇಡವೆಂದಿದ್ದರೋ ಅವೇ ಪದಗಳು. ಕಟ್ಟೆಯ ಮೇಲೆ ಕೂತು ಉಪಾಯ ಹೂಡಿದ ಅಷ್ಟು ಮಂದಿಯಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಮಲ್ಕಮ್ಮನಿಗೂ ಹೊಳೆದಿರಲಿಲ್ಲ.

ಒಬ್ಬ ಮುಗಿಸಿದರೆ ಪಕ್ಕದವ. ಅರಸನ ಸೊಕ್ಕಿನ ಮೇಲೊಂದು, ಹಸಿದವನ ಮೇಲೊಂದು. ಕರೀಂಸಾಬನೂ ಕಿವಿಯ ಮೇಲೆ ಕೈಯಿಟ್ಟು ತನಗೆ ಬಂದಷ್ಟನ್ನು ಹಾಡಿದ. ಚಂದ್ರಶಾ ಒಂದೊಂದೇ ಎಲೆಗೆ ತುಪ್ಪ ಹಾಕುತ್ತ ಬಂದ. ಮಲ್ಕಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. ಕರೀಂಸಾಬನ ಪಕ್ಕದ ಎಲೆಯ ಮುಂದೆ ಆ ಕೈ ನಿಂತುಬಿಟ್ಟಿತು.

ಇವನೇ.

ನಡುವಯಸ್ಸಿನವನು, ತೆಳ್ಳಗಿನ ಮುಖ. ಎದುರಿಗೆ ಸಿಕ್ಕಿದ್ದರೆ ಯಾರೋ ಬೀಜದ ವ್ಯಾಪಾರಿ ಎಂದುಕೊಳ್ಳುತ್ತಿದ್ದಳು. ಅವನು ಚಂದ್ರಶಾನನ್ನು ನೋಡಿದ, ಚಂದ್ರಶಾ ಅವನನ್ನು ನೋಡಿದ.

“ಹೇಳ್ರಿ ಸಾವಕಾರ್ರ, ತುಪ್ಪ ಆರ್ತದ!” ಎಂದರು ಆಚೆ ಸಾಲಿನವರು.

“ನನಗ ಬರಲ್ಲ,” ಎಂದ ಅವನು ಮೆಲ್ಲಗೆ.

“ಬರದಿದ್ರ ನೀಡೋವ ಹೇಳಿಕೊಡ್ಬೇಕು, ಅದೇ ಇಲ್ಲಿ ಕಾನೂನ,” ಎಂದ ಕರೀಂಸಾಬ್, ಪಕ್ಕದಲ್ಲಿ ಕೂತವನು ಯಾರೆಂದು ತಿಳಿಯದೆ. “ಚಂದ್ರಶಾ, ಹೇಳಿಕೊಡೋ. ಪಾಪ, ಒಣಾ ಹೋಳಿಗಿ ತಿನ್ನಾಕತ್ಯಾನ.”

ಬೇರೆ ಯಾವುದಾದರೂ ಹೇಳ್ರಿ, ಕೂಸಿನ ಜೋಗುಳ ಹೇಳ್ರಿ, ಎಂದು ಮಲ್ಕಮ್ಮ ಒಳಗೊಳಗೇ ಬೇಡಿಕೊಂಡಳು. ಚಂದ್ರಶಾ ಬಾಯಿ ತೆರೆದ. ಆ ಬಾಯಿಂದ ಬಂದದ್ದು, ಕವಿ ಎಲೆಯ ಮುಂದಿನಿಂದ ಎದ್ದು ನಿಂತು ರಾಜನಿಗೆ ಹೇಳಿದ ಮಾತು.

“ಅನ್ನ ನಿನ್ನದಲ್ಲೋ ಅರಸಾ, ಮಣ್ಣಿನದು.”

ಅಮೀನ ಅವನ ಮುಖದಿಂದ ಕಣ್ಣು ತೆಗೆಯದೆ, ತೊದಲುತ್ತ, ಅಂದ: “ಅನ್ನ ನಿನ್ನದಲ್ಲೋ ಅರಸಾ, ಮಣ್ಣಿನದು.”

“ಮಣ್ಣು ನಿನ್ನದಲ್ಲೋ ಅರಸಾ, ಮಳೆಯದು. ಮಳೆಯ ಕೇಳಿ ಉಂಡೆ ನಾ, ನಿನ್ನ ಕೇಳಲಿಲ್ಲ.”

ಅದನ್ನೂ ಅಂದ. ಪಂಕ್ತಿಗೆ ಪಂಕ್ತಿಯೇ ‘ಭಲೇ’ ಎಂದಿತು. ಚಂದ್ರಶಾ ತುಪ್ಪ ಹಾಕಿ ಮುಂದಿನ ಎಲೆಗೆ ಸರಿದ.

ಕೈತೊಳೆಯುವಾಗ ನೀರು ಹಾಕುತ್ತಿದ್ದವಳು ಮಲ್ಕಮ್ಮ. ಅಮೀನನ ಸರದಿ ಬಂದಾಗ ಅವಳು ತಲೆ ಎತ್ತದೆ ಚೆಂಬು ಬಗ್ಗಿಸಿದಳು.

“ತುಪ್ಪ ಇವತ್ತು ಜಲ್ದಿ ಬಂತಲ್ಲವ್ವಾ,” ಎಂದ ಅಮೀನ. “ನಿನ್ನ ಗಂಡಗ ನಾಳೆ ಕಲಬುರ್ಗಿ ಕಚೇರಿಗಿ ಬಾ ಅಂತ ಹೇಳು. ಇಮಾಮುದ್ದೀನ್ ಅಮೀನ ಕರದಾನ ಅಂತ ಹೇಳು.”

ಬೆಳಕು ಹರಿಯುವ ಮೊದಲೇ ಚಂದ್ರಶಾ ಕರೀಂಸಾಬನ ಬಂಡಿ ಹತ್ತಿದ. ಮಲ್ಕಮ್ಮ ತಾನೂ ಬರುತ್ತೇನೆಂದರೆ ಬೇಡವೆಂದ. ಆ ದಿನ ಮಲ್ಕಮ್ಮ ಒಲೆ ಹಚ್ಚಲಿಲ್ಲ. ಓಣಿಯ ಹೆಂಗಸರು ಬಂದು, “ಏನೂ ಆಗಂಗಿಲ್ಲ ಬಿಡವ್ವ” ಎಂದರು. ಹಾಗೆ ಅನ್ನುತ್ತಲೇ ಮೂಲೆಯ ಪಾತ್ರೆಗಳ ಮೇಲೆ ಕಣ್ಣಾಡಿಸಿದರು. ಮನೆ ಖಾಲಿಯಾದರೆ ಯಾರಿಗೆ ಯಾವುದು ಎಂದು ನೋಡುತ್ತಿದ್ದಾರೇನೋ ಎಂದು ಅವಳಿಗೆ ಅನಿಸಿತು. ಪರ ಊರಿನಲ್ಲಿ ಗಂಡ ಒಬ್ಬನೇ ರೊಟ್ಟಿ ತಟ್ಟಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಅವನಿಗೆ ರೊಟ್ಟಿ ತಟ್ಟಲು ಬರುವುದಿಲ್ಲ ಎಂದು ನೆನಪಾಗಿ ಅಳು ಒತ್ತಿಕೊಂಡು ಬಂತು.

ಹೊತ್ತು ಮುಳುಗುವಾಗ ಬಾಗಿಲಲ್ಲಿ ಅವನೇ ನಿಂತಿದ್ದ. ಅವಳು ಅವನ ತೋಳು, ಬೆನ್ನು ಎಲ್ಲ ಮುಟ್ಟಿ ನೋಡಿದಳು.

“ಹೊಡದಿಲ್ಲ,” ಎಂದ ಚಂದ್ರಶಾ. “ದಿನಾಪೂರ್ತಿ ಕುಂದ್ರಿಸಿದ. ಕಡೀಕ ಒಳಗ ಕರದು, ಆ ಪದ ಇನ್ನೊಮ್ಮೆ ಹೇಳು ಅಂದ. ಹೇಳ್ದೆ. ‘ನಿನ್ನ ಹಿಡದ್ರ ಪಂಕ್ತ್ಯಾಗ ಯಾರ್ಯಾರು ಪದ ಹೇಳಿದ್ರು ಅಂತ ಮ್ಯಾಲಿನವ್ರು ಕೇಳ್ತಾರ. ನಾನೂ ಹೇಳೀನಿ. ಹೋಗು’ ಅಂದ.”

“ಬಿಟ್ಟನಾ? ಹಂಗಾದ್ರ ತಡೀಪಾರ ಇಲ್ಲ?”

“ಇಲ್ಲ.” ಅವನು ಗೋಡೆಗೆ ಒರಗಿ ಕೂತ. “ಬಾಗಿಲಿಗಿ ಬರೂದ್ರಾಗ ಹಿಂದಿಂದ ಇನ್ನೊಂದು ಮಾತು ಅಂದ. ‘ಮುಂದಿನ ವರ್ಷ ನಾ ಬರಂಗಿಲ್ಲ. ನನ್ನ ಬದಲಿ ಬರೋವನಿಗಿ ಪದ ಬರ್ತಾವ’ ಅಂದ.”

ಮಲ್ಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಂಕ್ತಿಯ ಮುಖಗಳು ಒಂದೊಂದಾಗಿ ಕಣ್ಮುಂದೆ ಬಂದವು. ರಾಗ ಎತ್ತಿದ ಮುದುಕ, ಕರೀಂಸಾಬ್, ಹೊಟ್ಟೆ ಕುಣಿಸಿ ನಗುವ ಅಣವೀರಪ್ಪ, ತಂಗಿ ಎನ್ನುವ ಖಂಡೆಪ್ಪ. ಎಲ್ಲರಿಗೂ ಪದ ಬರುತ್ತಿದ್ದವು.

“ಸುದ್ದಿ ಒಯ್ಯೋವ ನಮ್ಮೊಳಗಿನವನೇ ಏನ್ರೀ?”

“ನನಗೇನು ಗೊತ್ತು?”

“ಮತ್ತ ಮುಂದಿನ ವರ್ಷ?”

ಓಣಿಯಲ್ಲಿ ಖಂಡೆಪ್ಪನ ದನಿ ಕೇಳಿಸಿತು. “ಚಂದ್ರಶಾ ಬಂದನೇನು ತಂಗಿ?” ಎನ್ನುತ್ತ ಬರುತ್ತಿದ್ದ. ಇವನೇ ಇರಬಹುದೇ ಎಂದುಕೊಳ್ಳುತ್ತ ಮಲ್ಕಮ್ಮ ಎದ್ದಳು. ಹಿತ್ತಲಲ್ಲಿ ಎಮ್ಮೆ ಆಗಿನಿಂದ ಒದರುತ್ತಿತ್ತು. ಅವಳು ತೊಳೆದಿಟ್ಟ ಹಾಲಿನ ಚೆರಗಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ಎಮ್ಮೆಯ ಮುಂದೆ ಜೋಳದ ಕಣಕಿ ಹಾಕಿದಳು. ಕೆಚ್ಚಲಿಗೆ ನೀರು ಚಿಮುಕಿಸಿ ಒರೆಸಿ, ಮೊಣಕಾಲ ನಡುವೆ ಚೆರಗಿ ಹಿಡಿದು, ಹಾಲು ಹಿಂಡಲು ಕೂತಳು.