‘ಇಲ್ಲ’ ಎನ್ನಲಾರದ ಕಂಪ್ಯೂಟರ್

ಹೋದ ತಿಂಗಳು ಹೊನ್ನಾಳಿಯಲ್ಲಿ ಒಂದು ಕಂಪ್ಯೂಟರ್ ನನ್ನ ಹೆಂಡತಿಗೆ ಸುಳ್ಳು ಹೇಳಿತು.

ಮನುಷ್ಯರು ಹೇಳುವ ಸುಳ್ಳು ನನಗೆ ಹೊಸದಲ್ಲ. ಚನ್ನಗಿರಿ ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ದಿನಾ ಕೇಳುವುದು ಅದನ್ನೇ. (ಅದರಲ್ಲಿ ಕೆಲವನ್ನು ನಾನೇ ಹೇಳಿಕೊಟ್ಟಿರುತ್ತೇನೆ ಎಂದು ನನ್ನನ್ನು ಕಂಡರಾಗದವರು ಹೇಳುತ್ತಾರೆ, ನಂಬಬೇಡಿ.) ಆದರೆ ಯಂತ್ರ? ಕಂಪ್ಯೂಟರ್ ಬಂದ ಮೇಲೆ ತಪ್ಪು ಎನ್ನುವುದೇ ಇರುವುದಿಲ್ಲ ಎಂದು ಪೇಪರಿನವರು ಬರೆದದ್ದೇ ಬರೆದದ್ದು. ಅಂಥ ಯಂತ್ರ ಜನರ ಎದುರಿಗೆ, ತನ್ನ ಹೊಟ್ಟೆಯಲ್ಲಿ ಇಲ್ಲದ್ದನ್ನು ಇದೆ ಎಂದುಬಿಟ್ಟರೆ ಯಾರನ್ನು ಕಟಕಟೆಗೆ ಹತ್ತಿಸುವುದು?

ಇರಲಿ, ಮೊದಲಿಂದ ಹೇಳುತ್ತೇನೆ.

ನನ್ನ ಹೆಂಡತಿ ವಿಶಾಲಾಕ್ಷಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ತವರು ಜಗಳೂರು. ಹಿಡಿದ ಕೆಲಸ ಬಿಡುವ ಜಾಯಮಾನದವಳಲ್ಲ. ಎರಡು ಬೇಸಿಗೆ ರಜೆಯಲ್ಲಿ, ನಾವೆಲ್ಲ ಮಾವಿನಹಣ್ಣು ತಿಂದು ಮಲಗುವ ಹೊತ್ತಿನಲ್ಲಿ, ಅವಳು ಶಿಕ್ಷಕರಿಗೆಂದು ನಡೆದ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದಳು. ಬಂದ ಮೇಲೆ ಅವಳಿಗೆ ಒಂದೇ ಆಸೆ. ಇದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಕಲಿಸಬೇಕು.

ಆಸೆಗೆ ದಾರಿಯೂ ಸಿಕ್ಕಿತು. ಹೊನ್ನಾಳಿಯ ವ್ಯಾಪಾರಸ್ಥರು ಮಹೇಶ್ವರಪ್ಪ ಎನ್ನುವವರು, ನಮಗೆ ದೂರದ ನೆಂಟರು, ತಮ್ಮ ಅಂಗಡಿಯ ಅಟ್ಟದ ಮೇಲೆ ಕಂಪ್ಯೂಟರ್ ಸೆಂಟರ್ ತೆರೆದಿದ್ದರು. ಹುಡುಗರ ಬ್ಯಾಚು ತುಂಬಿತ್ತು. ಹುಡುಗಿಯರದ್ದು ತುಂಬಲಿಲ್ಲ. ಪೇಟೆಬೀದಿಯ ಅಟ್ಟ, ಕಲಿಸುವವನು ಮೀಸೆ ಚಿಗುರಿದ ಪಡ್ಡೆ. ಯಾವ ಅಪ್ಪ ಕಳಿಸುತ್ತಾನೆ ಹೇಳಿ?

“ನೀವು ಬರ್ರಿ ಮೇಡಂ. ಒಂದು ಭಾನುವಾರ ಹುಡ್ಗೀರ ಅಪ್ಪಂದಿರನ್ನ ಕರೆಸ್ತೀನಿ. ಅವ್ರ ಮುಂದೆ ಮಿಷನ್ ಓಡ್ಸಿ ತೋರ್ಸಿಬಿಡ್ರಿ. ಒಪ್ಪಿದ್ರೆ ಬ್ಯಾಚು ನಿಮ್ದೇ. ಒಪ್ಲಿಲ್ಲ ಅಂದ್ರೆ ಆ ಟೈಮನ್ನೂ ಹುಡುಗ್ರಿಗೇ ಕೊಟ್ಟುಬಿಡ್ತೀನಿ, ಮಿಷನ್ ಸುಮ್ನೆ ಕುಂದ್ರಾಕಾಗಲ್ಲ,” ಎಂದರು ಮಹೇಶ್ವರಪ್ಪ. ನ್ಯಾಯವಾದ ಮಾತೇ.

ಒಂದೇ ತೊಡಕು. ವಿಶಾಲ ಕಲಿತದ್ದು ಒಂದು ಜಾತಿಯ ಯಂತ್ರದ ಮೇಲೆ. ಅವಳ ಪಾಠಗಳೆಲ್ಲ ಅದರ ಭಾಷೆಯಲ್ಲೇ ಇದ್ದವು. ಹೊನ್ನಾಳಿಗೆ ಬಂದದ್ದು ಬೇರೆ ಜಾತಿ. ಇದರ ಮಾತು ಅದಕ್ಕೆ ಬರುವುದಿಲ್ಲ, ಅದರದ್ದು ಇದಕ್ಕೆ ಬರುವುದಿಲ್ಲ. (ಜಾತಿ ಎಂದ ಮೇಲೆ ಇನ್ನೇನಾಗುತ್ತೆ?)

ಬೇರೆಯವರಾಗಿದ್ದರೆ ಪಾಠವನ್ನೇ ಹೊಸದಾಗಿ ಬರೆಯುತ್ತಿದ್ದರು. ಇವಳು ದಾವಣಗೆರೆಯ ಗೆಳತಿಯೊಬ್ಬಳ ಕಾಲೇಜಿನಲ್ಲಿ, ಹೊನ್ನಾಳಿಯದ್ದೇ ಜಾತಿಯ ಯಂತ್ರದ ಮುಂದೆ ರಜಾ ದಿನಗಳನ್ನೆಲ್ಲ ಕಳೆದು, ಒಂದು ಪ್ರೋಗ್ರಾಂ ಬರೆದಳು. ಅದನ್ನು ಹಾಕಿದರೆ ಈ ಯಂತ್ರ ಆ ಯಂತ್ರದ ಹಾಗೆ ನಡೆದುಕೊಳ್ಳುತ್ತದೆ.

“ಅಂದರೆ ವೇಷ ಹಾಕುತ್ತೆ?” ಎಂದೆ, ಊಟದ ಎಲೆಯ ಮುಂದೆ.

“ಹೂಂ. ಈ ಮಿಷನ್ ಒಳಗೆ ಇನ್ನೊಂದು ಮಿಷನ್ನು. ನಿಜಕ್ಕೂ ಅದಿಲ್ಲ. ಆದ್ರೆ ನನ್ನ ಪಾಠಕ್ಕೆ ಅದು ಗೊತ್ತಾಗಲ್ಲ.”

“ಮೋಸ ಅಲ್ವೇನೇ?”

“ವಕೀಲ್ರು ಕೇಳೋ ಪ್ರಶ್ನೇನ್ರಿ ಇದು? ಸಾರು ಹಾಕ್ಲಾ?”

ಆಮೇಲೆ ಬಿಡಿಸಿ ಹೇಳಿದಳು. ಕಂಪ್ಯೂಟರಿನ ಮಿದುಳು ಒಂದು ಚಿಪ್ಪು, ಅಂದರೆ ಬೆರಳುದ್ದದ ಒಂದು ಕರಿ ಬಿಲ್ಲೆ. ಪಕ್ಕದಲ್ಲಿ ಇನ್ನೊಂದು ಚಿಪ್ಪಿಗೆ ಜಾಗ ಬಿಟ್ಟಿರುತ್ತಾರೆ. ಅದು ಲೆಕ್ಕದ ಸಹಾಯಕ. ವರ್ಗಮೂಲದಂಥ ದೊಡ್ಡ ಲೆಕ್ಕಗಳನ್ನು ಚಿಟಿಕೆ ಹೊಡೆಯುವುದರಲ್ಲಿ ಮಾಡಿ ಕೊಡುತ್ತದೆ. ಆದರೆ ಕೆಲವು ಯಂತ್ರಗಳಲ್ಲಿ ಅದು ಇರುತ್ತೆ, ಕೆಲವದರಲ್ಲಿ ಜಾಗ ಖಾಲಿ. ಇದ್ದರೆ ಅದರ ಕೈಲಿ ಮಾಡಿಸಬೇಕು, ಇಲ್ಲದಿದ್ದರೆ ಇವಳ ಪ್ರೋಗ್ರಾಂ ತಾನೇ ನಿಧಾನಕ್ಕೆ ಮಾಡಬೇಕು.

“ವೇಷ ಹಾಕೋ ಮೊದ್ಲು ಮೈಯಾಗೆ ಎಷ್ಟು ತಾಕತ್ತೈತೆ ಅಂತ ಗೊತ್ತಿರ್ಬೇಕಲ್ರೀ.”

“ಅದು ನಿನಗೆ ಹೆಂಗೆ ಗೊತ್ತಾಗುತ್ತೆ?”

“ಮಿಷನ್ನಿನ ಒಳಗೆ ಒಂದು ಪುಟ್ಟ ಸ್ವಿಚ್ಚು ಇರುತ್ತೆ. ಚಿಪ್ಪು ಹಾಕ್ದೋರು ಅದನ್ನ ‘ಇದೆ’ ಕಡೆಗೆ ತಳ್ಳಿರ್ತಾರೆ, ಹಾಕ್ದಿದ್ರೆ ‘ಇಲ್ಲ’ ಕಡೆಗೆ. ನನ್ನ ಪ್ರೋಗ್ರಾಂ ಮಿಷನ್ನನ್ನ ಕೇಳುತ್ತೆ, ಮಿಷನ್ ಆ ಸ್ವಿಚ್ಚು ನೋಡಿ ಹೇಳುತ್ತೆ. ಅಷ್ಟೇ.”

ಸಾಕ್ಷಿಯನ್ನೇ ಕರೆದು “ನೀನು ನಿಜ ಹೇಳ್ತೀಯೇನಪ್ಪಾ?” ಎಂದು ಕೇಳಿದ ಹಾಗಾಯಿತಲ್ಲ ಎನ್ನಿಸಿತು. ಆದರೆ ಅವಳು ಸಾರು ಬಡಿಸುತ್ತಿದ್ದಳು. ಬಾಯಿ ಮುಚ್ಚಿಕೊಂಡು ಉಂಡೆ.

ಭಾನುವಾರ ಬಂತು. ಬೆಳಿಗ್ಗೆ ಟಿ.ವಿ.ಯಲ್ಲಿ ಪುರಾಣದ ಧಾರಾವಾಹಿ ಮುಗಿಯುವ ತನಕ ಬಸ್ಸಿಗೆ ಡ್ರೈವರ್ ಕೂಡ ಸಿಗದ ಕಾಲ ಇದು. ಮುಗಿದ ಮೇಲೆ ಹೊರಟೆವು. ಅವಳ ಮಡಿಲಲ್ಲಿ ಪ್ರೋಗ್ರಾಂ ತುಂಬಿದ ಎರಡು ಫ್ಲಾಪಿ ತಟ್ಟೆ, ಬಗ್ಗಬಾರದೆಂದು ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿದ್ದಳು. ಗುಂಡಿ ಬಂದಾಗಲೆಲ್ಲ ಹಸುಗೂಸನ್ನು ಹಿಡಿದ ಹಾಗೆ ಎತ್ತಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕೂತ ಗಂಡನ ತಲೆ ಮೇಲಿನ ಕಂಬಿಗೆ ಬಡಿದದ್ದು ಅವಳ ಗಮನಕ್ಕೆ ಬರಲಿಲ್ಲ.

ಹೊನ್ನಾಳಿಯಲ್ಲಿ ಕರೆಂಟು ಇರಲಿಲ್ಲ. (ಇದ್ದರೆ ಸುದ್ದಿ.) ಅಟ್ಟದ ಮೇಲೆ ಅಪ್ಪಂದಿರು ಚಾಪೆಯ ಮೇಲೆ ಕೂತು ಮಂಡಕ್ಕಿ ತಿಂದರು, ಟೀ ಕುಡಿದರು, ಮಳೆ ಬೆಳೆ ಮಾತಾಡಿದರು. ನ್ಯಾಮತಿಯವರಿದ್ದರು, ಸವಳಂಗದವರಿದ್ದರು. ಹೆಣ್ಣುಮಕ್ಕಳು ಗೋಡೆಗೆ ಒರಗಿ ನಿಂತಿದ್ದರು. ಕರೆಂಟು ಬರುವಾಗ ಸಂಜೆ. ಮಹೇಶ್ವರಪ್ಪನವರ ತಾಯಿ ಗಂಗಮ್ಮಜ್ಜಿ ನಿಧಾನಕ್ಕೆ ಮೆಟ್ಟಿಲು ಹತ್ತಿ ಬಂದು, ಕಂಪ್ಯೂಟರ್ ಪಕ್ಕದ ದೇವರ ಪಟಕ್ಕೆ ದೀಪ ಹಚ್ಚಿ ಅಲ್ಲೇ ಕೂತರು.

ವಿಶಾಲ ಫ್ಲಾಪಿ ಹಾಕಿದಳು. “ಏನಾದ್ರೂ ಒಂದು ಲೆಕ್ಕ ಕೇಳ್ರಿ,” ಎಂದಳು.

ಸವಳಂಗದ ಹಾಲೇಶಪ್ಪ ಎನ್ನುವ ರೈತರು ಗಂಟಲು ಸರಿಮಾಡಿಕೊಂಡರು. “ನಮ್ಮದೊಂದು ಮೂರು ಮೂಲೆ ಹೊಲ ಐತ್ರಿ ಮೇಡಂ. ಮೂರೂ ಬದಿ ಎಷ್ಟೆಷ್ಟು ಅಡಿ ಅಂತ ನಾ ಹೇಳ್ತೀನಿ. ಒಟ್ಟು ಎಷ್ಟು ಗುಂಟೆ ಅಂತ ಅದು ಹೇಳ್ಲಿ. ಸರ್ವೆಯೋರು ಅಳ್ದಿದ್ದು ನನ್ನ ತಲ್ಯಾಗೈತೆ.”

ಎಂಥಾ ಜಾಣ! ನಿನಗೆ ಲೆಕ್ಕ ಬರುತ್ತಾ ಎಂದು ಕೇಳಲಿಲ್ಲ. ಉತ್ತರವನ್ನು ಗುಟ್ಟಾಗಿ ಇಟ್ಟುಕೊಂಡು ಕೆಲಸ ಒಪ್ಪಿಸಿದರು. ಇವರು ನನ್ನ ಎದುರು ಪಾರ್ಟಿಯ ವಕೀಲರಾಗದೆ ಹೋದದ್ದು ನನ್ನ ಪುಣ್ಯ.

ವಿಶಾಲ ಮೂರು ಬದಿಗಳನ್ನು ಒತ್ತಿದಳು. ವರ್ಗಮೂಲದ ಲೆಕ್ಕ. ಪರದೆ ನೋಡಿದೆವು.

ಏನೂ ಬರಲಿಲ್ಲ.

“ಯೋಚ್ನೆ ಮಾಡಾಕೆ ಹತ್ತೈತೆ,” ಎಂದರು ಮಹೇಶ್ವರಪ್ಪ. ಕಾದೆವು. ಯಂತ್ರ ಗರ ಬಡಿದಂತೆ ಕೂತಿತ್ತು. ವಿಶಾಲ ಆರಿಸಿ ಮತ್ತೆ ಹಾಕಿದಳು. ಅದೇ ಹೊಲ, ಅದೇ ಮೌನ. ನ್ಯಾಮತಿಯವರೊಬ್ಬರು ಟವೆಲು ಹೆಗಲಿಗೇರಿಸಿಕೊಂಡು ಎದ್ದರು. “ಬಸ್ಸಿನ ಟೈಮಾತು. ಮೇಡಂಗೇ ಬರ್ಲಿಲ್ಲ, ಇನ್ನ ನಮ್ಮ ಹುಡ್ಗಿಗೆ ಏನು ಬರುತ್ತೆ?”

ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು. ಆ ಪ್ರೋಗ್ರಾಂಗೆ ಅವಳು ಎಷ್ಟು ಭಾನುವಾರ ತೆತ್ತಿದ್ದಳೆಂದು ನೋಡಿದ್ದವನು ನಾನೊಬ್ಬನೇ ತಾನೆ? ಅವಳಿಗೆ ನೋವಾದರೆ ನನಗೆ ಸಿಟ್ಟು ಬರುತ್ತದೆ. ಮಹೇಶ್ವರಪ್ಪನವರ ಮೇಲೆ ಹರಿಹಾಯ್ದೆ.

“ರೀ, ಆ ಲೆಕ್ಕದ ಚಿಪ್ಪು ಇದರಲ್ಲಿ ಇದೆಯೋ ಇಲ್ಲವೋ?”

“ಐತೆ ಐತೆ,” ಎಂದರು ಅವರು. ಹೇಳಿ ದೀಪದ ಕಡೆ ನೋಡಿದರು.

ಕೋರ್ಟಿನಲ್ಲಿ ಇಷ್ಟು ವರ್ಷ ಮಣ್ಣು ಹೊತ್ತಿಲ್ಲ ನಾನು. ಆ ನೋಟ ನನಗೆ ಗೊತ್ತು. ವಿಶಾಲಳಿಗೂ ಗೊತ್ತಾಯಿತು. ಸ್ಕ್ರೂಡ್ರೈವರ್ ಇಸಿದುಕೊಂಡು ವೈರು ಕಿತ್ತು ಪೆಟ್ಟಿಗೆ ಬಿಚ್ಚಿದಳು. ಸಹಾಯಕನ ಜಾಗ ಖಾಲಿ. ಸ್ವಿಚ್ಚು ಮಾತ್ರ ‘ಇದೆ’ ಕಡೆಗಿತ್ತು.

“ಇದನ್ನ ಯಾರು ಹಿಂಗೆ ಇಟ್ರು?”

ಮಹೇಶ್ವರಪ್ಪ ತಲೆ ಕೆರೆದುಕೊಂಡರು. ಯಂತ್ರ ಜೋಡಿಸುವವನು ಬಂದದ್ದು ಪೂಜೆಯ ದಿನ ಮುಸ್ಸಂಜೆಗೆ. ದೀಪ ಉರಿಯುತ್ತಿತ್ತು. ಅವನು ಸ್ವಿಚ್ಚು ತೋರಿಸಿ, ಈ ಕಡೆ ಇದ್ದರೆ ‘ಇಲ್ಲ’ ಅಂತ ಅರ್ಥ ಎಂದು ವಿವರಿಸಿದನಂತೆ. ಗಂಗಮ್ಮಜ್ಜಿ ಕೆಂಡವಾದರಂತೆ.

“ಮತ್ತೇನ್ರೀ?” ಅಜ್ಜಿ ಈಗಲೂ ಬಿಡಲಿಲ್ಲ. “ದೀಪ ಹಚ್ಚಿದ ಹೊತ್ನಾಗೆ, ಹೊಸ ಸಾಮಾನಿನ ಹೊಟ್ಟ್ಯಾಗೆ ‘ಇಲ್ಲ’ ಅಂತ ಇಟ್ಟು ಪೂಜೆ ಮಾಡಾಕಾಗುತ್ತಾ? ಮುಂದೆ ತರಿಸ್ತಾನಲ್ಲ ನನ್ ಮಗ! ‘ಐತೆ’ ಅಂತಿಡ್ರಿ ಅಂದೆ.”

ನಗಬೇಡಿ. ನಿಮ್ಮ ಮನೆಯಲ್ಲಿ ಸಂಜೆ ಹೊತ್ತು ಅಕ್ಕಿ ಇಲ್ಲ ಎನ್ನುತ್ತೀರಾ, ಅಕ್ಕಿ ತರಬೇಕು ಎನ್ನುತ್ತೀರಾ? ಹೊರಡುವಾಗ ಹೋಗ್ತೀನಿ ಎನ್ನುತ್ತೀರಾ, ಹೋಗಿ ಬರ್ತೀನಿ ಎನ್ನುತ್ತೀರಾ? ನಮ್ಮ ಸೀಮೆಯಲ್ಲಿ ಯಾರನ್ನಾದರೂ ‘ಇದೆಯಾ’ ಎಂದು ಕೇಳಿ, ಮುಖದ ಮೇಲೆ ‘ಇಲ್ಲ’ ಅನ್ನಿಸಿಕೊಂಡು ಬಂದವರಿದ್ದರೆ ನನಗೊಂದು ಕಾರ್ಡು ಬರೆಯಿರಿ. ಪಾಪದ ಯಂತ್ರ, ಅದು ಹೊನ್ನಾಳಿಗೆ ಬಂದು ಹೊನ್ನಾಳಿಯದ್ದೇ ಆಗಿತ್ತು. ಬಾರದ ಸಹಾಯಕನಿಗೆ ಕೆಲಸ ಕೊಟ್ಟು, ಅವನ ಉತ್ತರಕ್ಕೆ ಕಾಯುತ್ತಾ ಕೂತಿತ್ತು. ಹಾಗೇ ಬಿಟ್ಟಿದ್ದರೆ ಇವತ್ತಿಗೂ ಕಾಯುತ್ತಿತ್ತು.

“ಸ್ವಿಚ್ಚು ಆ ಕಡೆ ತಳ್ಳಿಬಿಡೆ,” ಎಂದೆ. ಚಿಟಿಕೆಯ ಕೆಲಸ.

ವಿಶಾಲ ಅಜ್ಜಿಯ ಮುಖ ನೋಡಿದಳು, ದೀಪ ನೋಡಿದಳು. ಬೆರಳು ಹಿಂದಕ್ಕೆ ತೆಗೆದುಕೊಂಡಳು. “ಅದು ಇದ್ದಂಗೇ ಇರ್ಲಿ ಬಿಡ್ರಿ. ತಪ್ಪು ನಂದು. ನಾನು ಕೇಳಿದ್ದೇ ಸರಿ ಇಲ್ಲ.”

ಪೆಟ್ಟಿಗೆ ಮುಚ್ಚಿ, ವೈರು ಸಿಕ್ಕಿಸಿ, ಇನ್ನೊಂದು ಫ್ಲಾಪಿ ಹಾಕಿ ಬರೆಯಲು ಕೂತಳು. ಅಪ್ಪಂದಿರಲ್ಲಿ ಅರ್ಧ ಜನ ಆಗಲೇ ಎದ್ದು ಮೆಟ್ಟಿಲ ಹತ್ತಿರವಿದ್ದರು. ಅವಳು ಬರೆಯುತ್ತಾ ಬರೆಯುತ್ತಾ, ಬೋರ್ಡಿನ ಮುಂದೆ ನಿಂತ ಹಾಗೆ, ಗಟ್ಟಿಯಾಗಿ ಹೇಳತೊಡಗಿದಳು. ಯಾರಿಗೆ? ಗೋಡೆಗೆ ಒರಗಿದ್ದ ಹುಡುಗಿಯರಿಗೆ.

“ನೋಡ್ರಮ್ಮಾ, ಇನ್ಮೇಲೆ ಇದನ್ನ ‘ಸಹಾಯಕ ಇದಾನಾ’ ಅಂತ ಕೇಳೋದೇ ಬೇಡ. ಒಂದು ಖಾನೆಯಾಗೆ ನಮ್ಗೆ ಗೊತ್ತಿರೋ ಒಂದು ಅಂಕಿ ಇಡಾಣ. ಆಮೇಲೆ, ‘ಏ ಸಹಾಯಕ, ಅದನ್ನ ಅಳಿಸಿ ನಿನ್ನ ಅಂಕಿ ಬರಿ’ ಅಂತ ಕೂಗಾಣ. ಕೂಗಿ ಖಾನೆ ನೋಡಾಣ. ಅಂಕಿ ಬದಲಾಗಿದ್ರೆ?”

“ಅವ್ನು ಅದಾನೆ,” ಎಂದಿತು ಒಂದು ದನಿ. ಹಾಲೇಶಪ್ಪನವರ ಮಗಳು ಸುಧಾ. ಗೋಡೆ ಬಿಟ್ಟು ಮುಂದೆ ಬಂದಿದ್ದಳು.

“ನಾವಿಟ್ಟಿದ್ದೇ ಇದ್ರೆ?”

“ಅಲ್ಲಿ ಯಾರೂ...” ಎಂದು ದೀಪ ನೋಡಿ ನಾಲಿಗೆ ಕಚ್ಚಿಕೊಂಡಳು. ಎಲ್ಲರೂ ನಕ್ಕರು, ಅಜ್ಜಿಯೂ. ಆಮೇಲೆ ಆ ಹುಡುಗಿ ಕೇಳಿದಳು, “ಮೇಡಂ, ಕೂಗಿದ ಮ್ಯಾಲೆ ಅವ್ನು ಓ ಅನ್ನೋ ತನಕ ಕಾಯ್ಬೇಕಾ?”

“ಕಾಯಬಾರದು! ಈಗ ಕೆಟ್ಟಿದ್ದೇ ಕಾದಿದ್ರಿಂದ. ಕೂಗು, ಖಾನೆ ನೋಡು, ಮುಂದೆ ನಡಿ.”

ಮೆಟ್ಟಿಲ ಹತ್ತಿರ ಇದ್ದವರು ನಿಂತೇ ಕೇಳುತ್ತಿದ್ದರು. ಟವೆಲಿನವರು ಟವೆಲನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಕೂತರು. ಬಸ್ಸು ಕೆಳಗೆ ಹಾರನ್ ಹೊಡೆದು ಹೋಯಿತು. (ಅವರನ್ನೆಲ್ಲ ಆಮೇಲೆ ಮಹೇಶ್ವರಪ್ಪ ತಮ್ಮ ಲಾರಿಯಲ್ಲಿ ಕಳಿಸಿದರು.)

ಮತ್ತೆ ಅದೇ ಮೂರು ಮೂಲೆ ಹೊಲ. ಪರದೆಯ ಮೇಲೆ ಮೊದಲು ಒಂದು ಸಾಲು ಇಂಗ್ಲಿಷ್ ಮೂಡಿತು. ಆಮೇಲೆ ಯಂತ್ರ ಗುಂಯ್‌ಗುಟ್ಟುತ್ತಾ ತನ್ನ ಪಾಡಿಗೆ ತಾನು ಲೆಕ್ಕ ಹಾಕಿ, ನಿಧಾನಕ್ಕೆ ಗುಂಟೆಯ ಅಂಕಿ ತೋರಿಸಿತು. ಎಲ್ಲರೂ ಹಾಲೇಶಪ್ಪನವರ ಮುಖ ನೋಡಿದೆವು. ಅವರು ಅಂಕಿಯನ್ನು ನೋಡಿದರು, ಮತ್ತೊಮ್ಮೆ ನೋಡಿದರು.

“ಸರ್ವೆಯೋರು ಹೇಳಿದ್ದು ಅಷ್ಟೇರಿ,” ಎಂದರು. “ನಮ್ಮ ಹುಡ್ಗಿ ಹೆಸರು ಬರ್ಕೊಳ್ರಿ ಮೇಡಂ.”

ನನಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು. ಹೆಂಡತಿಗೆ ಗಂಡ ಚಪ್ಪಾಳೆ ಹೊಡೆಯುವುದು ಹೊನ್ನಾಳಿಯಲ್ಲಿ ಇನ್ನೂ ರೂಢಿಗೆ ಬಂದಿಲ್ಲವಾದ್ದರಿಂದ ಕನ್ನಡಕ ಒರೆಸಿಕೊಂಡೆ.

ಗಂಗಮ್ಮಜ್ಜಿ ಪರದೆಯ ಕಡೆ ಕೈ ತೋರಿಸಿದರು. “ಅಲ್ಲಿ ಮೇಲ್ಗಡೆ ಏನೋ ಬರ್ದಾತಲ್ಲ, ಅದೇನು?”

ಬರೆದಿದ್ದದ್ದು ‘ಸಹಾಯಕ ಚಿಪ್ಪು ಇಲ್ಲ’ ಎಂದು. ದೀಪ ಉರಿಯುತ್ತಿತ್ತು. ವಿಶಾಲ ಅಜ್ಜಿಯ ಕಡೆ ತಿರುಗಿದಳು.

“ಎಲ್ಲಾ ನಾನೊಬ್ಬನೇ ಮಾಡ್ಕೊಂತೀನಿ ಅಂತೈತೆ ಅಜ್ಜಿ.”

“ಒಬ್ಬನೇ ಅಲ್ಲ, ಒಬ್ಬಳೇ ಅನ್ನು. ಹಂಗ್ ಮಾಡೋದು ಹೆಣ್ಣೇ ಇರ್ಬೇಕು,” ಎಂದರು ಅಜ್ಜಿ.

ಬ್ಯಾಚು ಶುರುವಾಗಿದೆ. ಸುಧಾಳ ಹಿಂದೆ ನ್ಯಾಮತಿಯ ಹುಡುಗಿಯರೂ ಬಂದರು. ಪ್ರತಿ ಭಾನುವಾರ ವಿಶಾಲ ಬೆಳಗಿನ ಬಸ್ಸಿಗೆ ಹೊನ್ನಾಳಿಗೆ ಹೋಗುತ್ತಾಳೆ, ಸಂಜೆ ಗಂಟಲು ಕಟ್ಟಿಕೊಂಡು ನಗುತ್ತಾ ಬರುತ್ತಾಳೆ. ಇಷ್ಟು ಖುಷಿಯಾಗಿ ಅವಳನ್ನು ನಾನು ನೋಡಿದ್ದು ಕಡಿಮೆ. ಮನೆಗೂ ಅದರ ಗಾಳಿ ತಗುಲಿದೆ.

ಆದರೆ ಒಂದು ವಿಷಯ ನನಗೆ ಭಯ ಹುಟ್ಟಿಸುತ್ತಿದೆ. ಅವಳು ಈಗ ಏನನ್ನೂ ಬಾಯಿಮಾತಲ್ಲಿ ಕೇಳುವುದನ್ನೇ ಬಿಟ್ಟಿದ್ದಾಳೆ. ಮೊದಲಾಗಿದ್ದರೆ, “ರೀ, ಅನ್ನ ಮಾಡಾಕೆ ಬರುತ್ತೇನ್ರಿ?” ಎನ್ನುತ್ತಿದ್ದಳು. ನಾನು, “ಓಹೋ, ಬರದೇ ಏನು!” ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಮೊನ್ನೆ ಭಾನುವಾರ ಅದೊಂದನ್ನೂ ಕೇಳದೆ, ತೊಳೆದ ಅಕ್ಕಿಯ ಪಾತ್ರೆಯನ್ನು ಸ್ಟವ್ ಪಕ್ಕ ಇಟ್ಟು ಬಸ್ಸು ಹತ್ತಿದಳು.

ಸಂಜೆ ಬಂದಳು. ಆಗಲೂ ಏನನ್ನೂ ಕೇಳಲಿಲ್ಲ. ನೇರ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡಿದಳು.

ಒಳಗೆ ಏನಿತ್ತು ಎಂದು ಓದುಗರು ನನ್ನನ್ನು ಕೇಳಬೇಡಿ. ನಾನು ಚನ್ನಗಿರಿಯವನು, ಅನ್ನ ಇತ್ತು ಅಂತಲೇ ಹೇಳುತ್ತೇನೆ.